14 ಗಂಟೆ ರೈಲು, ಒಂದು ಪಂಚರ್

ಮೊದಲ ದಿನ

‘ಬರ್ಲಾ?’ ಅಂತ ಗೆಳೆಯನಿಗೆ ಟೈಪ್ ಮಾಡೋದು, ಅಳಿಸೋದು. ನಾಲ್ಕು ದಿನ ಇದೇ ಕೆಲಸ. ಇರೋದೇ ಎರಡು ಅಕ್ಷರ. ಐದನೇ ದಿನ ಕೇಳೋದೇ ಬೇಡ ಅಂತ ಟಿಕೆಟ್ ಬುಕ್ ಮಾಡಿ ಅದರ ಸ್ಕ್ರೀನ್‌ಶಾಟ್ ಕಳಿಸಿದೆ. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಬಂತು: ‘ಹುಚ್ಚ. ಬಾ.’

ಸಂಜೆ ರೈಲು ಹತ್ತಿದೆ. ಅಪ್ಪರ್ ಬರ್ತ್, 14 ಗಂಟೆ ದಾರಿ. ಓದೋಕೆ ಅಂತ ಇಟ್ಟುಕೊಂಡ ನೋಟ್ಸು ಎದೆ ಮೇಲಿತ್ತು. ತಲೆ ಮಾತ್ರ ಬೇರೆಲ್ಲೋ.

ಒಂದನೇ ಕ್ಲಾಸಿನಿಂದ ಹನ್ನೆರಡರವರೆಗೆ ನಾವಿಬ್ಬರೂ ಒಟ್ಟಿಗೆ ಓದಿದವರು. ಮನೆ ಅಕ್ಕಪಕ್ಕದ ಬೀದಿ. ಕಾಲೇಜಿಗೆ ಅವನು ಒಂದು ದಿಕ್ಕಿಗೆ ಹೋದ, ನಾನು ಇನ್ನೊಂದು ದಿಕ್ಕಿಗೆ. ಜಗಳ ಆಡಿ ದೂರ ಆದವರಲ್ಲ. ಮಾರ್ಕ್ಸು, ಸೀಟು, ಫೀಸು ಎಲ್ಲ ಸೇರಿ ನಮ್ಮನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿದವು. ಅವನಿಗೆ ರಜೆ ಇದ್ದಾಗ ನನಗೆ ಪರೀಕ್ಷೆ, ನನಗೆ ರಜೆ ಬಂದಾಗ ಅವನಿಗೆ ಲ್ಯಾಬು. 18 ತಿಂಗಳಲ್ಲಿ ಸಿಕ್ಕಿದ್ದು ಒಂದೇ ಸಲ. ಅದೂ ಅರ್ಧ ದಿನ, ಎರಡೂ ಮನೆಯವರ ನಡುವೆ.

ಫೋನ್ ಇತ್ತಲ್ಲ ಅಂತೀರಾ? ಇತ್ತು. ನಮ್ಮ ಫೋನ್ ಮಾತು ಹೀಗಿರುತ್ತಿತ್ತು:

‘ಏನ್ ಸಮಾಚಾರ?’

‘ಏನಿಲ್ಲ. ನಿಂದು?’

‘ನಂದೂ ಏನಿಲ್ಲ.’

‘ಕಾಲೇಜು?’

‘ನಡೀತಿದೆ. ಮತ್ತೆ?’

‘ಮತ್ತೇನು, ನೀನೇ ಹೇಳ್ಬೇಕು.’

ಈ ‘ಮತ್ತೆ’ ಬಂತು ಅಂದರೆ ಮಾತು ಮುಗೀತು ಅಂತಲೇ ಲೆಕ್ಕ. ಕಾಲ್ ಲಾಗ್ ತೆಗೆದು ನೋಡಿದೆ. ಕಡೆಯ ಆರರಲ್ಲಿ ಯಾವುದೂ ನಾಲ್ಕು ನಿಮಿಷ ದಾಟಿಲ್ಲ. ಒಂದು ಕಾಲ್ ಅಂತೂ ನನಗೆ ಇವತ್ತಿಗೂ ನೆನಪಿದೆ, ಕಾಲೇಜಿನ ಮೊದಲ ತಿಂಗಳದ್ದು. 48 ಸೆಕೆಂಡು. ಅದೇ ನಮ್ಮ ಅಕ್ಕ ತನ್ನ ಗೆಳತಿ ಜೊತೆ ಒಂದೂವರೆ ಗಂಟೆ ಮಾತಾಡಿ, ‘ಉಳಿದದ್ದು ನಾಳೆ ಹೇಳ್ತೀನಿ’ ಅಂತ ಇಡುತ್ತಾಳೆ. ಒಂದೂವರೆ ಗಂಟೆ ಆದ ಮೇಲೂ ಉಳಿಯೋದು ಏನಿರುತ್ತೆ ಅಂತ ನನಗೆ ಆಶ್ಚರ್ಯ.

ಈ ಸೆಮಿಸ್ಟರ್‌ನಲ್ಲಿ ಸುಮ್ನೆ ಸೈಕಾಲಜಿ ಪೇಪರ್ ಒಂದು ತಗೊಂಡಿದ್ದೆ. ಅಲ್ಲಿ ಮೇಷ್ಟ್ರು ಒಂದು ಅಧ್ಯಯನದ ಬಗ್ಗೆ ಹೇಳಿದರು. ಸ್ಯಾಮ್ ರಾಬರ್ಟ್ಸ್, ರಾಬಿನ್ ಡನ್‌ಬಾರ್ ಅಂತ ಇಬ್ಬರು ಬ್ರಿಟನ್ನಿನವರು ಮಾಡಿದ್ದು. ಶಾಲೆ ಮುಗಿಸಿ ಹೊರಟ 30 ಹುಡುಗ ಹುಡುಗಿಯರನ್ನು 18 ತಿಂಗಳು ಬಿಡದೆ ಗಮನಿಸಿದ್ದಾರೆ. ಮನೆಯವರ ಜೊತೆಗಿನ ನಂಟು ದೂರ ಹೋದರೂ ಹೆಚ್ಚು ಕಮ್ಮಿ ಹಾಗೇ ಉಳಿಯಿತಂತೆ. ಸ್ನೇಹ ಹಾಗಲ್ಲ, ನೋಡಿಕೊಳ್ಳದಿದ್ದರೆ ಇಳಿಯುತ್ತಾ ಹೋಯಿತಂತೆ. ಹುಡುಗಿಯರ ಸ್ನೇಹ ಮಾತಿನಿಂದ ಉಳಿಯಿತು. ಹುಡುಗರಿಗೆ ಮಾತಿನಿಂದ ಅಂಥ ಪ್ರಯೋಜನ ಆಗಲಿಲ್ಲ, ಒಟ್ಟಿಗೆ ಸೇರಿ ಏನಾದರೂ ಮಾಡಿದವರದ್ದು ಉಳಿಯಿತು. 2015ರಲ್ಲಿ ಬಂದ ಪೇಪರ್ ಅದು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. 18 ತಿಂಗಳು ಅಂದಾಗ ನನಗೆ ಬೇರೆ ಲೆಕ್ಕ ಹೊಳೆದಿತ್ತು. 30 ಜನರ ಮೇಲೆ ನಡೆದ ಅಧ್ಯಯನ, ಸರಾಸರಿ ಮಾತು, ಎಲ್ಲರಿಗೂ ಹೊಂದಬೇಕು ಅಂತಿಲ್ಲ ಅಂತ ಮೇಷ್ಟ್ರೇ ಸೇರಿಸಿದರು. ಅಷ್ಟು ಹೊತ್ತಿಗೆ ನನ್ನ ತಲೆಯೊಳಗೆ ಹುಳ ಹೊಕ್ಕಾಗಿತ್ತು.

ಇನ್ನೊಂದು ಲೆಕ್ಕವನ್ನು ಬರ್ತ್ ಮೇಲೆ ಮಲಗಿಯೇ ಹಾಕಿದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರ ಪ್ರಕಾರ, ಪರಿಚಯದವರು ಮಾಮೂಲಿ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಬೇಕು. ಆಪ್ತರಾಗೋಕೆ 200 ಗಂಟೆಗಿಂತ ಜಾಸ್ತಿ. ಕೆಲಸದ ಜಾಗದಲ್ಲಿ ಅಕ್ಕಪಕ್ಕ ಕೂತ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ, ಮನಸಾರೆ ಒಟ್ಟಿಗೆ ಕಳೆದದ್ದೇ ಮುಖ್ಯ ಅಂತಾರೆ ಅವರು. ಆಯ್ತು, ಕ್ಲಾಸು ಬಿಡೋಣ. ಬರೀ ಶಾಲೆಗೆ ಹೋಗಿ ಬರುವ ದಾರಿ ಹಿಡಿಯೋಣ. ದಿನಕ್ಕೆ ಒಂದು ಗಂಟೆ, ವರ್ಷಕ್ಕೆ 200 ದಿನ, 12 ವರ್ಷ. 2,400 ಗಂಟೆ. ಸಂಜೆ ಆಟ, ಭಾನುವಾರ, ಬೇಸಿಗೆ ರಜೆ ಬೇರೆ.

ಇಷ್ಟು ದೊಡ್ಡ ಗಂಟು ಇಟ್ಟುಕೊಂಡವನು ಎರಡು ಅಕ್ಷರ ಕಳಿಸೋಕೆ ಹೆದರಿದ್ದೆ.

ಹತ್ತು ಗಂಟೆಗೆ ಅವನ ಮೆಸೇಜು. ‘ಎಲ್ಲಿದ್ದೀಯ?’ ‘ರೈಲಲ್ಲಿ.’ ‘ಅದು ಗೊತ್ತು ಕಣೋ.’ ಅಲ್ಲಿಗೆ ಅದೂ ಮುಗೀತು.

ಎರಡನೇ ದಿನ

ರೈಲು ಒಂದು ಗಂಟೆ ಲೇಟು. ಪ್ಲಾಟ್‌ಫಾರ್ಮ್ ಮೇಲೆ ಅವನಿಲ್ಲ. ಬದಲಿಗೆ ಉದ್ದನೆ ಹುಡುಗನೊಬ್ಬ ಫೋನು ನೋಡುತ್ತಾ, ನನ್ನ ಮುಖ ನೋಡುತ್ತಾ ಹತ್ತಿರ ಬಂದ. ಫೋನಿನಲ್ಲಿದ್ದದ್ದು ನನ್ನ ಒಂಬತ್ತನೇ ಕ್ಲಾಸಿನ ಫೋಟೋ. ಕೂದಲು ಕತ್ತರಿಸಿದವನ ಮೇಲೆ ಕೇಸ್ ಹಾಕಬೇಕು, ಅಂಥ ಫೋಟೋ.

‘ಅವನಿಗೆ ಲ್ಯಾಬ್ ಇಂಟರ್ನಲ್ಸ್ ಇದೆ. ನಾನು ರೂಮ್‌ಮೇಟು’ ಅಂದ. ಬ್ಯಾಗ್ ಇಸಕೊಂಡು, ‘ಬಾವಿಗೆ ಶೂ ಬೀಳ್ಸಿದ್ದು ನೀವೇ ಅಲ್ವಾ?’ ಅಂತ ಕೇಳಿದ.

ನಾನೇ. ಐದನೇ ಕ್ಲಾಸು. ಆದರೆ ಆ ಶೂ ಕಥೆ ನಮ್ಮಿಬ್ಬರದು. ಅವತ್ತು ಒಂದು ಶೂ ಕಳೆದುಕೊಂಡ ನನಗೆ ಮುಜುಗರ ಆಗಬಾರದು ಅಂತ ಅವನೂ ಒಂದೇ ಶೂ ಹಾಕಿಕೊಂಡು ಮನೆಗೆ ಬಂದಿದ್ದ. ಅದು ಇನ್ನೊಬ್ಬರ ಬಾಯಲ್ಲಿ ಬಂದಾಗ ಖುಷಿಯಾಗಬೇಕಿತ್ತು. ನಿಜ ಹೇಳಬೇಕು ಅಂದರೆ ಕಿರಿಕಿರಿಯಾಯಿತು. ನನ್ನ ಪೆಟ್ಟಿಗೆ ನಾನಿಲ್ಲದಾಗ ಯಾರೋ ತೆರೆದ ಹಾಗೆ.

ಹಾಸ್ಟೆಲ್ ಬಾಗಿಲಲ್ಲಿ ಅವನು ಸಿಕ್ಕಿದ. ಕನ್ನಡಕ ಹಾಕಿದ್ದ.

‘ಇದ್ಯಾವಾಗ ಬಂತು?’

‘ಎಂಟು ತಿಂಗಳಾಯ್ತು.’

ಎಂಟು ತಿಂಗಳಿಂದ ಅವನು ಕಳಿಸಿದ ಫೋಟೋಗಳಲ್ಲಿ ಮೋಡ ಇತ್ತು, ನಾಯಿ ಇತ್ತು, ಸುಟ್ಟುಹೋದ ಸರ್ಕ್ಯೂಟ್ ಇತ್ತು. ಅವನ ಮುಖ ಇರಲಿಲ್ಲ. ತಬ್ಬಿಕೊಳ್ಳೋದೋ ಕೈ ಕುಲುಕೋದೋ ಗೊತ್ತಾಗದೆ ಇಬ್ಬರೂ ಒಟ್ಟಿಗೆ ನನ್ನ ಬ್ಯಾಗಿಗೆ ಕೈ ಹಾಕಿದೆವು. ರೂಮ್‌ಮೇಟ್ ಪಾಪ, ಅದನ್ನು ಬಿಟ್ಟುಕೊಟ್ಟು ಹಿಂದೆ ಸರಿದ.

ಮಧ್ಯಾಹ್ನ ಕ್ಯಾಂಪಸ್ ತೋರಿಸಿದ. ಇದು ಲೈಬ್ರರಿ, ಇದು ಲ್ಯಾಬು, ಇದು ನಾವು ರಾತ್ರಿ ಕೂರೋ ಕಟ್ಟೆ. ‘ನಾವು’ ಅಂದಾಗಲೆಲ್ಲ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಆ ‘ನಾವು’ ಒಳಗೆ ನಾನಿಲ್ಲ ಅಂತ ಗೊತ್ತಾಗೋಕೆ ಪ್ರತಿ ಸಲ ಒಂದು ಕ್ಷಣ ಬೇಕಾಗುತ್ತಿತ್ತು.

ಸಂಜೆ ನಾನು ಕಾರಿಡಾರ್‌ನ ಈ ತುದಿಯಲ್ಲಿ ನಲ್ಲಿ ಹತ್ತಿರ ಮುಖ ತೊಳೆಯುತ್ತಿದ್ದೆ. ಆ ತುದಿಯಿಂದ ಶಿಳ್ಳೆ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ. ನಾಲ್ಕನೇ ಕ್ಲಾಸಿನಲ್ಲಿ ನಾವು ಮಾಡಿಕೊಂಡ ಶಿಳ್ಳೆ. ಹೊರಗೆ ಬಾ ಅಂತ ಅದರರ್ಥ. ಮುಖದ ಸೋಪೂ ತೊಳೆಯದೆ ತಿರುಗಿದೆ. ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಎದುರು ರೂಮಿನಿಂದ ರೂಮ್‌ಮೇಟ್ ತಲೆ ಹೊರಗೆ ಹಾಕಿ, ‘ಏನೋ?’ ಅಂದ.

ಕಣ್ಣು ಉರಿಯಿತು. ಸೋಪಿಂದಲೇ ಅಂತ ಇಟ್ಟುಕೊಳ್ಳಿ.

ಅದೇ ಡನ್‌ಬಾರ್ ಇನ್ನೊಂದು ಮಾತು ಹೇಳುತ್ತಾರೆ. ಒಬ್ಬ ಮನುಷ್ಯ ನಿಭಾಯಿಸಬಲ್ಲ ನಂಟು ಸುಮಾರು 150. ಅದರೊಳಗೆ ಸುತ್ತು ಸುತ್ತಾಗಿ 50, 15. ಎಲ್ಲಕ್ಕಿಂತ ಒಳಗಿನ ಸುತ್ತಿನಲ್ಲಿ ಹೆಚ್ಚು ಕಮ್ಮಿ ಐದೇ ಜನ. ಹೊಸಬರು ಒಳಗೆ ಬಂದರೆ ಹಳಬರು ಯಾರೋ ಹೊರಗಿನ ಸುತ್ತಿಗೆ ಜರುಗಬೇಕಾಗುತ್ತೆ. ಅವನ ಅಪ್ಪ, ಅಮ್ಮ, ತಂಗಿ. ಮೂರು ಸೀಟು ಅಲ್ಲಿಗೇ ಹೋಯ್ತು. ರೂಮ್‌ಮೇಟ್ ಒಂದು ಅಂದರೂ ಇನ್ನೊಂದು ಉಳಿಯುತ್ತಲ್ಲ. ಬಸ್ಸಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯೋ ಹಾಗೆ ನಾನು ಎಣಿಸುತ್ತಾ ಕೂತಿದ್ದೆ. ನಾಚಿಕೆಯಾಗುತ್ತೆ, ಆದರೂ ಬರೀತಿದ್ದೀನಿ.

ರಾತ್ರಿ ಕಟ್ಟೆ ಮೇಲೆ ಅವನ ಗೆಳೆಯರು ಆರು ಜನ ಸೇರಿದರು. ಒಳ್ಳೆ ಹುಡುಗರು. ಪ್ರತಿ ಜೋಕು ಆದಮೇಲೂ ಅವನು ನನ್ನ ಕಡೆ ಬಗ್ಗಿ, ‘ಅದೇನಂದ್ರೆ, ಹೋದ ಸೆಮ್‌ನಲ್ಲಿ ಏನಾಯ್ತು ಅಂದ್ರೆ…’ ಅಂತ ಬಿಡಿಸಿ ಹೇಳುತ್ತಿದ್ದ. ಅವನ ಒಳ್ಳೆತನ. ಬಿಡಿಸಿ ಹೇಳಿದ ಜೋಕಿಗೆ ನಗೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಮಲಗಿದ ಮೇಲೆ ಕತ್ತಲಲ್ಲಿ ಕೇಳಿದ. ‘ನಿದ್ದೆ ಬಂತಾ?’

‘ಇಲ್ಲ.’

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.

‘ಮತ್ತೆ?’ ಅಂದ.

ಮೂರು ಅಡಿ ದೂರದಲ್ಲಿ ಮಲಗಿದ್ದವನ ಬಾಯಲ್ಲೂ ಅದೇ ‘ಮತ್ತೆ’. ನಾನು ಗೋಡೆ ಕಡೆ ತಿರುಗಿ, ಒಂದು ದಿನ ಮೊದಲೇ ಹೊರಡೋಕೆ ಟಿಕೆಟ್ ಇದೆಯಾ ಅಂತ ಫೋನಿನಲ್ಲಿ ಹುಡುಕಿದೆ. ಇರಲಿಲ್ಲ.

ಮೂರನೇ ದಿನ

ಬೆಳಿಗ್ಗೆ ಅವನು ಕ್ಲಾಸಿಗೆ ಹೋದ. ನಾನು ಹಾಸ್ಟೆಲ್ ಸುತ್ತ ಸುಮ್ನೆ ಓಡಾಡುತ್ತಿದ್ದೆ. ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಅವನ ಸೈಕಲ್ ಕಾಣಿಸಿತು. ಹೈಸ್ಕೂಲಿನ ಅದೇ ಸೈಕಲ್ಲು, ಹ್ಯಾಂಡಲ್ ಮೇಲೆ ನಾನು ಮೊಳೆಯಿಂದ ಗೀಚಿದ ಗೆರೆ ಕೂಡ ಇದೆ. ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಹಿಂದಿನ ಚಕ್ರ ನೆಲಕ್ಕೆ ಅಂಟಿಹೋಗಿತ್ತು.

ಮಧ್ಯಾಹ್ನ ಬಂದಾಗ ಕೇಳಿದೆ. ‘ಎಷ್ಟು ದಿನ ಆಯ್ತೋ ಪಂಚರ್ ಆಗಿ?’

‘ತಿಂಗಳು ಮೇಲಾಯ್ತು. ಗೇಟ್ ಹತ್ರ ಹಾಕೋರು ಇದ್ದಾರೆ. ಹೋಗೋಕಾಗಿಲ್ಲ.’

‘ಕಿಟ್ ಇದ್ಯಾ?’

ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮಾತಾಡದೆ ಮೆಟ್ಟಿಲು ಹತ್ತಿ ಹೋದ. ಬರುವಾಗ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಯಾರದೋ ರೂಮಿನಿಂದ ಎತ್ತಿಕೊಂಡು ಬಂದ ಪಂಚರ್ ಡಬ್ಬಿ, ಕಂಕುಳಲ್ಲಿ ಪಂಪು.

ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು, ಹ್ಯಾಂಡಲ್ ಮೇಲೆ ನಿಲ್ಲಿಸಿದೆವು. ಹಿಂದಿನ ಚಕ್ರ ಅಂದರೆ ಚೈನು ಬಿಚ್ಚೋ ರಗಳೆ. ಅದಕ್ಕೆ ಚಕ್ರ ತೆಗೆಯದೆ ಟೈರಿನ ಒಂದು ಬದಿ ಮಾತ್ರ ಎಬ್ಬಿಸಿ ಟ್ಯೂಬ್ ಹೊರಗೆಳೆಯೋದು ನಮ್ಮ ಪದ್ಧತಿ. ಲಿವರ್ ಇರಲಿಲ್ಲ. ಎರಡು ಸ್ಪೂನ್ ಹಿಡಿ ತೂರಿಸಿದ. ಅವನು ಒಂದು ಕಡೆ ಅದುಮಿ ಹಿಡಿದ, ನಾನು ಇನ್ನೊಂದನ್ನು ರಿಮ್ ಸುತ್ತ ಜರುಗಿಸಿದೆ. ಯಾರು ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲ. ಕೈಗಳಿಗೆ ನೆನಪಿತ್ತು.

ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ಬಕೆಟ್ಟಿನ ನೀರಲ್ಲಿ ಒಂದೊಂದು ಗೇಣಾಗಿ ಮುಳುಗಿಸುತ್ತಾ ಹೋದೆವು. ಇಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದೆವು, ತಲೆಗೆ ತಲೆ ತಾಗುವಷ್ಟು ಹತ್ತಿರ. ಕಣ್ಣೆಲ್ಲ ನೀರಿನ ಮೇಲೆ.

‘ಫಸ್ಟ್ ಸೆಮ್‌ನಲ್ಲಿ ಒಂದು ಸಬ್ಜೆಕ್ಟ್ ಹೋಯ್ತು ಕಣೋ’ ಅಂದ.

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದ ಅನಿಸುತ್ತೆ.

‘ಯಾವುದು?’

‘ಮ್ಯಾಥ್ಸ್.’

ನನಗೆ ಮ್ಯಾಥ್ಸ್ ಹೇಳಿಕೊಟ್ಟು ಪಾಸ್ ಮಾಡಿಸಿದವನು. ‘ಆಮೇಲೆ ಬರೆದು ಪಾಸಾಯ್ತು ಬಿಡು. ಆದ್ರೆ ಆ ಎರಡು ತಿಂಗಳು ಯಾರಿಗೂ ಹೇಳ್ಲಿಲ್ಲ. ಮನೇಲೂ ಗೊತ್ತಿಲ್ಲ.’

‘ನನಗಾದ್ರೂ ಹೇಳ್ಬೇಕಿತ್ತಲ್ವಾ?’

‘ಫೋನಲ್ಲಾ? ಹೆಂಗೆ ಹೇಳೋದು? ಏನ್ ಸಮಾಚಾರ ಅಂತೀಯ. ಫೇಲಾದೆ ಅನ್ಲಾ?’

ಅದೂ ಸರಿಯೇ. ಟ್ಯೂಬಿನ ಇನ್ನೊಂದು ಗೇಣು ನೀರಿಗೆ ಹೋಯಿತು. ಸಣ್ಣಗೆ, ದಾರ ಪೋಣಿಸಿದ ಹಾಗೆ ಗುಳ್ಳೆ ಮೇಲೆ ಬಂತು. ‘ಅಲ್ಲಿ ಅಲ್ಲಿ’ ಅಂತ ಇಬ್ಬರೂ ಒಟ್ಟಿಗೆ ಕೂಗಿದೆವು. ಅವನು ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ನಾನು ಶರ್ಟಿನ ತುದಿಯಿಂದ ಒರೆಸಿ ಬಾಲ್‌ಪೆನ್ನಲ್ಲಿ ಸುತ್ತು ಹಾಕಿದೆ.

ಸ್ಯಾಂಡ್ ಪೇಪರ್ ಹಾಕಿ ಉಜ್ಜೋದು ಮೊದಲಿಂದ ಅವನ ಕೆಲಸ. ಸಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸೋದು ನನ್ನದು. ಹಚ್ಚಿದ ತಕ್ಷಣ ಅಂಟಿಸಬಾರದು. ಮೇಲಿನ ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಹತ್ತದ ಹಾಗೆ ಒಣಗಬೇಕು. ಅಲ್ಲಿಯವರೆಗೆ ಕಾಯಬೇಕು. ಪಂಚರ್ ಹಾಕೋದರಲ್ಲಿ ಕೆಡೋದೆಲ್ಲ ಈ ಕಾಯೋ ಕಡೆಯೇ. ಆ ಕಾಯುವ ಹೊತ್ತಿನಲ್ಲಿ ನಾನೂ ಹೇಳಿದೆ.

‘ಕಾಲೇಜು ಶುರುವಾಗಿ ಎರಡನೇ ವಾರ, ಬ್ಯಾಗ್ ಕಟ್ಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಬಿಟ್ಟು ಬಂದ್ಬಿಡೋಣ ಅಂತ. ಮೂರು ಗಂಟೆ ಬೆಂಚ್ ಮೇಲೆ ಕೂತು ವಾಪಸ್ ಹೋದೆ. ಆವಾಗ್ಲೇ ನೀನು ಫೋನ್ ಮಾಡಿದ್ದೆ. ನೆನಪಿದ್ಯಾ?’

ಅವನ ಕೈಯಲ್ಲಿದ್ದ ಟ್ಯೂಬು ಹಾಗೇ ನಿಂತಿತು.

‘ಹಿಂದೆ ಅನೌನ್ಸ್‌ಮೆಂಟ್ ಕೇಳಿಸ್ತಿತ್ತು’ ಅಂದ. ‘ಆರಾಮಾಗಿದ್ದೀನಿ ಅಂದೆ ನೀನು. ನಾನೇನು ಅಂದ್ಕೊಂಡೆ ಗೊತ್ತಾ? ಎರಡೇ ವಾರಕ್ಕೆ ಇವನಿಗೆ ಗ್ಯಾಂಗ್ ಆಗಿದೆ, ಎಲ್ಲಿಗೋ ಟ್ರಿಪ್ ಹೊರಟಿದ್ದಾನೆ ಅಂತ. ಹೊಟ್ಟೆ ಉರೀತು. ಬೇಗ ಇಟ್ಬಿಟ್ಟೆ.’

48 ಸೆಕೆಂಡು.

ಇಬ್ಬರಿಗೂ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯೋಕಾಗದಷ್ಟು. ಅವನು ನಕ್ಕು ನಕ್ಕು ಬಕೆಟ್ಟಿಗೆ ಕಾಲು ತಾಗಿಸಿದ, ಅರ್ಧ ನೀರು ನನ್ನ ಪ್ಯಾಂಟಿನ ಮೇಲೆ. ಸಲ್ಯೂಷನ್ ಯಾವಾಗಲೋ ಒಣಗಿತ್ತು. ಪ್ಯಾಚ್ ಇಟ್ಟು, ಹೆಬ್ಬೆರಳಲ್ಲಿ ನೂರು ಎಣಿಸುವವರೆಗೆ ಅದುಮಿ ಹಿಡಿದೆ. ಟ್ಯೂಬ್ ಒಳಗೆ ತುರುಕಿ, ಟೈರ್ ಕೂರಿಸಿ, ಸರದಿ ಮೇಲೆ ಪಂಪ್ ಹೊಡೆದೆವು.

ಮೊದಲ ದಿನ ಹೇಳಿದೆನಲ್ಲ, ಆ ಪೇಪರಿನ ಮಾತು. ಫೋನಿನಲ್ಲಿ ನಮಗೆ ಮಾತು ಬಾರದೆ ಹೋದದ್ದಕ್ಕೆ ಸ್ನೇಹ ಒಣಗಿತು ಅಂತ ನಾನು ಕೊರಗಿದ್ದೆ. ಯೋಚನೆ ಮಾಡಿದರೆ ಆ 12 ವರ್ಷವೂ ನಾವು ಎದುರುಬದುರು ಕೂತು ಮಾತಾಡಿದವರೇ ಅಲ್ಲ. ಕಲ್ಲು ಒದೆಯುತ್ತಾ, ಗೋಡೆ ಹತ್ತುತ್ತಾ, ಚೈನು ಹಾಕುತ್ತಾ ಹೇಳಿಕೊಂಡದ್ದಷ್ಟೇ. ಕೈಗೆ ಕೆಲಸ ಬೇಕು, ಆಮೇಲೆ ಬಾಯಿ.

ಸಂಜೆ ಅವನು ತುಳಿದ, ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತೆ. ಕ್ಯಾಂಪಸ್ ಹಿಂದಿನ ಗುಡ್ಡದ ರಸ್ತೆ. ಏರಿನಲ್ಲಿ ಇಳಿದು ತಳ್ಳಿದೆವು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋ ಅಂತ ನಾನು ಕಿರುಚಿದೆ, ಅವನು ಹಿಡಿಯಲಿಲ್ಲ. ಆಮೇಲೆ ನಾನು ತುಳಿದೆ. ಅವನು ದಪ್ಪ ಆಗಿದ್ದಾನೆ, ಕನ್ನಡಕ ಬಿಟ್ಟು ಇದೂ ಒಂದು ಹೊಸ ಸುದ್ದಿ.

ರಾತ್ರಿ ಕಟ್ಟೆ ಮೇಲೆ ಜೋಕು ಅರ್ಥ ಆಗದಿದ್ದರೂ ನಕ್ಕೆ. ಕಷ್ಟ ಆಗಲಿಲ್ಲ.

ನಾಲ್ಕನೇ ದಿನ

ಹೊರಡುವ ದಿನ. ಹೇಳೋಕೆ ಜಾಸ್ತಿ ಇಲ್ಲ.

ಸ್ಟೇಷನ್ನಿಗೆ ರೂಮ್‌ಮೇಟೂ ಬಂದ. ಗೆಳೆಯ ನೀರಿನ ಬಾಟಲಿ ತರೋಕೆ ಹೋದಾಗ ಅವನು ತಾನಾಗಿಯೇ ಹೇಳಿದ. ‘ನನಗೂ ಒಬ್ಬ ಇದ್ದ. ಸ್ಕೂಲಿಂದ. ಮಾತಾಡಿ ಎರಡು ವರ್ಷ ಆಯ್ತು. ಈಗ ಮೆಸೇಜ್ ಮಾಡಿದ್ರೆ ಏನೋ ಬೇಕಾಗಿದೆ ಅದ್ಕೆ ಮಾಡಿದ ಅಂದ್ಕೋತಾನೇನೋ.’

ಮೂರು ದಿನ ಇವನ ಮೇಲೆ ಒಳಗೊಳಗೇ ಹಲ್ಲು ಕಡಿದಿದ್ದೆ. ನನ್ನ ಹಾಗೇ ಇನ್ನೊಬ್ಬನನ್ನು ಎಲ್ಲೋ ಬಿಟ್ಟು ಬಂದವನು ಅಂತ ನನಗೆ ಹೊಳೆದೇ ಇರಲಿಲ್ಲ. 2022ರಲ್ಲಿ ಪೆಗ್ಗಿ ಲಿಯು ಅನ್ನೋರು ತಮ್ಮ ತಂಡದ ಜೊತೆ ಇದನ್ನೇ ಪರೀಕ್ಷೆ ಮಾಡಿದ್ದಾರೆ ಅಂತ ಹೇಳಿದೆ. ಬಹಳ ದಿನದ ಮೇಲೆ ಸುಮ್ನೆ ವಿಚಾರಿಸಿದರೆ ಎದುರಿನವರಿಗೆ ಎಷ್ಟು ಖುಷಿಯಾಗುತ್ತೆ ಅನ್ನೋದನ್ನು ನಾವು ಸಾಮಾನ್ಯವಾಗಿ ಕಮ್ಮಿ ಅಂದಾಜು ಮಾಡುತ್ತೇವಂತೆ. ನಿರೀಕ್ಷೆ ಇಲ್ಲದೆ ಬಂದರೆ ಇನ್ನೂ ಜಾಸ್ತಿ ಖುಷಿಯಂತೆ.

‘ಏನಂತ ಕಳಿಸ್ಲಿ?’ ಅಂದ.

‘ಟಿಕೆಟ್ ಕಳಿಸು.’

ರೈಲು ಹೊರಟಿತು. ಈ ಸಲವೂ ಅಪ್ಪರ್ ಬರ್ತ್. ಉಗುರಿನ ಸಂದಿಯಲ್ಲಿ ಸಲ್ಯೂಷನ್ ಕಪ್ಪಗೆ ಅಂಟಿತ್ತು. ಕೀಳುತ್ತಾ ನಿದ್ದೆ ಹೋದೆ.

ಆರನೇ ದಿನ

ಐದನೇ ದಿನ ಕ್ಲಾಸು, ಅಸೈನ್‌ಮೆಂಟು, ಮಾಮೂಲಿ. ಆರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಫೋನು. ಅವನು ಆ ಹೊತ್ತಿಗೆ ಏಳೋನೇ ಅಲ್ಲ. ಗಾಬರಿಯಲ್ಲಿ ಎತ್ತಿದೆ.

‘ಹಿಂದಿನ ಚಕ್ರ ಮತ್ತೆ ಕೂತಿದೆ’ ಅಂದ. ಏನ್ ಸಮಾಚಾರ ಇಲ್ಲ, ಏನೂ ಇಲ್ಲ.

‘ಪ್ಯಾಚ್ ಬಿಟ್ಕೊಂಡಿರಲ್ಲ. ನೂರು ಎಣಿಸಿದ್ದೀನಿ.’

‘ನೀನು ಎಂಬತ್ತಕ್ಕೇ ಕೈ ತೆಗ್ದೆ, ನೋಡಿದ್ದೀನಿ.’

‘ನೀನು ಉಜ್ಜಿದ್ದೇ ಸರಿ ಇರ್ಲಿಲ್ಲ.’

‘ಪ್ಯಾಚ್ ಸರಿಯಾಗೇ ಇದೆ ಕಣೋ, ಬಿಚ್ಚಿ ನೋಡ್ದೆ. ಪಕ್ಕದಲ್ಲಿ ಹೊಸ ತೂತು. ಮುಳ್ಳು ಇನ್ನೂ ಟೈರ್ ಒಳಗೇ ಇದೆ. ಬೆರಳಾಡಿಸಿ ನೋಡ್ಬೇಕಿತ್ತಲ್ವಾ?’

‘ಅದು ನಿನ್ನ ಕೆಲಸ!’

‘ಯಾವಾಗಿಂದ? ಎಂಟನೇ ಕ್ಲಾಸಿಂದ ಅದು ನಿಂದು.’

‘ಎಂಟನೇ ಕ್ಲಾಸಲ್ಲಿ ಬೆರಳು ಕೊಯ್ದುಕೊಂಡೆ ಅಂತ ಆಮೇಲೆ ನಿನಗೆ ಕೊಟ್ಟಿದ್ದು.’

‘ಯಾರ್ ಹೇಳಿದ್ದು? ಕೊಯ್ದುಕೊಂಡಿದ್ದು ನಾನು. ಗುರುತು ಇನ್ನೂ ಇದೆ, ನೋಡ್ತೀಯಾ?’

ವಿಡಿಯೋ ಆನ್ ಮಾಡಿದ. ಕನ್ನಡಕ ಇಲ್ಲ, ಕೂದಲು ಕೆದರಿದೆ, ಕ್ಯಾಮೆರಾಕ್ಕೆ ಅಂಟಿಸಿದ ಹಾಗೆ ಒಂದು ಮಸಿ ಬೆರಳು. ಏನೂ ಕಾಣಲಿಲ್ಲ. ನಾನು ನನ್ನ ಬೆರಳು ತೋರಿಸಿದೆ. ಅದರಲ್ಲೂ ಏನೂ ಕಾಣುವ ಹಾಗಿರಲಿಲ್ಲ. ಫೋನನ್ನು ಬಕೆಟ್ಟಿಗೆ ಒರಗಿಸಿ ಇಟ್ಟು, ನನ್ನನ್ನು ಬೈಯುತ್ತಲೇ ಟೈರಿನೊಳಗೆ ಮುಳ್ಳು ಹುಡುಕೋಕೆ ಶುರು ಮಾಡಿದ.

‘ಎಡಕ್ಕೆ’ ಅಂದೆ ನಾನು. ‘ಇನ್ನೂ ಎಡಕ್ಕೆ.’

‘ನಿಂಗೇನು ಕಾಣತ್ತೆ ಅಲ್ಲಿಂದ?’

‘ಹುಡುಕೋ ಸುಮ್ನೆ.’